ಬಾಗಿಲು ತಟ್ಟಿದ್ದು ಯಾರು

ಕೌಲ್ ಬಜಾರಿನ ಹಿಂದೆ, ಕಟ್ಟಿಗೆ ಅಡ್ಡೆ ದಾಟಿದರೆ
ತಗಡಿನ ಷೆಡ್ಡು, ಹನ್ನೊಂದು ಮಿಷಿನ್ನು,
ಗೋಡೆಯೆತ್ತರ ಜೀನ್ಸು ಬಟ್ಟೆ.
ಲಾಟು ಸೋಮವಾರ ಹೋಗಬೇಕು, ಭಾನುವಾರಕ್ಕೆ ರಜೆಯಿಲ್ಲ.
ಆದರೂ ಹತ್ತು ಹೊಡೆದದ್ದೇ ಎಲ್ಲ ಮಿಷಿನ್ನೂ ನಿಂತವು.
ದಾರದ ಉಂಡೆಗಳಿಗೆ ಒರಗಿ
ಎರ್ರಿಸ್ವಾಮಿಯ ಫೋನು:
'ಭೂಪತಿ ಬಂದ', ಇಪ್ಪತ್ತೈದು ವರ್ಷದ ವಿಶೇಷ.

ಭೂಪತಿ ಅಂದರೆ ಕತ್ತೆ.
ಕಾಲ್ಚೀಲಕ್ಕೆ ಗುಂಡಿಯ ಕಣ್ಣು, ಒಳಗೆ ಯಾರದೋ ಕೈ.
ಯಾರದೆಂದು ನಾವು ಯಾವತ್ತೂ ಕೇಳಿರಲಿಲ್ಲ.

ಶುರುವಿನ ತಾಳ ಕೇಳಿ
ಮಾಬುಬಿ ಸೆರಗಿನಿಂದ ಮೂಗೊರೆಸಿಕೊಂಡಳು.
"ಧ್ವನಿ ಬ್ಯಾರೆ ಐತೆ" ಎಂದ ಎರ್ರಿಸ್ವಾಮಿ,
ತನ್ನ ಸೈಕಲ್ಲನ್ನು ಕದ್ದು, ಬಣ್ಣ ಬಳಿದು
ತನಗೇ ಮಾರಲು ತಂದವರನ್ನು ನೋಡುವ ಹಾಗೆ.
ನಾನು ದಾರ ಕತ್ತರಿಸುವವಳು, ನನಗೆ ಕಂಡದ್ದು ಕಿವಿ:
"ಹೊಸಾವು ಇವು. ಮೊದಲಿನವು ಕೈಹೊಲಿಗೆ.
ಇದು ಓವರ್‌ಲಾಕು, ಅದೂ ಸಡಿಲ."
ಎಲ್ಲರೂ ಬಗ್ಗಿ ನೋಡಿ ಹೌದೆಂದರು.
ಅಂಬಿಕಾಗೆ ಹದಿನೆಂಟು, ಹೊಸ ಹುಡುಗಿ.
"ಕತ್ತೆಗೆ ಇಷ್ಟೊಂದಾ?" ಎಂದು ಒಗ್ಗರಣೆ ಪೊಟ್ಟಣ ಬಿಚ್ಚಿದಳು.

ಆಮೇಲೆ ತಲೆ ನೆರೆತ ನಿರೂಪಕ ಹೇಳಿದ,
ಈಗ ಹಳೆಯ ಕಥೆಯೊಂದು ಮತ್ತೆ.
ಮಳೆಯ ರಾತ್ರಿ, ಮನೆಯಲ್ಲಿ ಭೂಪತಿ ಒಬ್ಬನೇ.

ಅದೇ ಕಥೆ.
ಬಂಡಿಹಟ್ಟಿ ಶಾಲೆ, ನಾಲ್ಕನೇ ಕ್ಲಾಸು ನಾವು.
ಟಕ್ ಟಕ್ ಟಕ್. ಯಾರೂ? ಅಂದ ಭೂಪತಿ,
ಚಿಲಕಕ್ಕೆ ಬಾಯಿ ಹಾಕಿದ,
ಕರೆಂಟು ಹೋಯಿತು.
ಇಡೀ ಬಂಡಿಹಟ್ಟಿಯದು.

ಬ್ಯಾಟರಿ ಇದ್ದದ್ದು ಶೇಕ್ಷಾವಲಿಯ ಮನೆಯಲ್ಲಿ ಮಾತ್ರ,
ಅವರಪ್ಪ ಟ್ರಾಕ್ಟರ್ ಬ್ಯಾಟರಿ ರಿಪೇರಿಯವ.
ಮರುದಿನ ಕಾಂಪೌಂಡ್ ಗೋಡೆ ಹತ್ತಿ ಕೂತು
ಅವನು ಕಥೆಯ ಕೊನೆ ಮಾರಿದ.
ಒಂದು ಕೊನೆಗೆ ಒಂದು ಪೆಪ್ಪರಮೆಂಟು.
ಕಿವಿಯಲ್ಲಷ್ಟೇ ಹೇಳುವುದು. ಇನ್ನೊಬ್ಬರಿಗೆ ಬಾಯಿಬಿಟ್ಟರೆ
ನಾಲಿಗೆ ಕಪ್ಪಾಗುತ್ತದೆ.
ಬಿಡಲಿಲ್ಲ ನಾವು. ಒಂದೇ ಷೆಡ್ಡಿನಲ್ಲಿ
ಇಷ್ಟು ವರ್ಷ ಮೊಣಕೈಗೆ ಮೊಣಕೈ ತಾಗಿಸಿ ಕೂತರೂ.

ಫೋನಿನಲ್ಲಿ ಟಕ್ ಟಕ್ ಟಕ್.
ಕಟಿಂಗ್ ಮಾಸ್ತರ ಶೇಕ್ಷಾವಲಿ ನೀರು ಕುಡಿಯಲು ಎದ್ದ.
ಬಾಗಿಲು ತೆರೆಯಿತು.

ಹಾಲಿನವ.
ತಿಂಗಳ ಬಾಕಿ ಕೇಳಲು ಬಂದಿದ್ದ.

"ಇಷ್ಟೇನಾ?"
"ಲೇ, ನಂಗೆ ಹುಲಿ ಅಂದಿದ್ದಿ!"
"ನಂಗೆ ಪೊಲೀಸು!" ಗುಂಡಿ ಹೊಡೆಯುವ ದುರುಗಪ್ಪ ಎದ್ದೇ ಬಿಟ್ಟ.
"ನಂಗೆ ಅವನ ತಮ್ಮ, ಸಣ್ಣ ಕತ್ತೆ. ಅದಕ್ಕೆ ಅತ್ತಿದ್ದೆ ನಾನು!"
"ಪೆಪ್ಪರಮೆಂಟು ವಾಪಸ್ ತಾ, ಬಡ್ಡಿ ಸಮೇತ!"

ಶೇಕ್ಷಾವಲಿ ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.
"ಅವತ್ತು ಬ್ಯಾಟರಿ ಗಿರಾಕಿ ಒಯ್ದಿದ್ದ.
ನಮ್ಮನ್ಯಾಗೂ ಟೀವಿ ಬಂದ್.
ಆದ್ರೂ ಅದರ ಮುಂದೆ ಕೂತೇ ಇದ್ದೆ, ಬಾಳ ಹೊತ್ತು.
ಗಾಜಿನಾಗ ನನ್ನ ಮಾರಿ ಒಂದೇ.
ಬೆಳಿಗ್ಗೆ ನೀವೆಲ್ಲ ಓಡಿ ಬಂದ್ರಿ.
ನೋಡಿಲ್ಲ ಅನ್ನಾಕೆ ಮನಸ್ಸು ಬರಲಿಲ್ಲ.
ಒಬ್ಬೊಬ್ಬರ ಮಾರಿ ನೋಡಿದೆ. ಒಂದೊಂದು ಹೇಳಿದೆ."

ನಕ್ಕೆವು. ತಗಡು ಅದುರುವಷ್ಟು.

ಮಾಬುಬಿ ಮಾತ್ರ ಏನೂ ವಾಪಸ್ ಕೇಳಲಿಲ್ಲ.
ಅವಳಮ್ಮ ಆ ವರ್ಷ
ದೊಡ್ಡ ದವಾಖಾನೆಗೆ ಹೋದವಳು, ಬಂದಿರಲಿಲ್ಲ.
ಅವಳ ಕಿವಿಯಲ್ಲಿ ಬಾಗಿಲಾಚೆ ಯಾರಿದ್ದರೆಂದು
ನಾವೂ ಕೇಳಲಿಲ್ಲ.
ಸೂಜಿ ಇಳಿಸಿದಳು. ಜೇಬಿನ ಅಂಚು
ನೇರ ಹೋಯಿತು.

ಚಹಾದ ಹೊತ್ತಿಗೆ ಅವನ ಮೇಜಿನ ಹತ್ತಿರ ಹೋದೆ.
"ನಂಗೆ ಚಂದ್ರ ಅಂದಿದ್ದಿ, ಶೇಕ್ಷಾವಲಿ.
ಚಂದ್ರಗೆ ನೆಗಡಿ ಆಗಿತ್ತು,
ಜೀರಿಗೆ ಕಷಾಯ ಕೇಳಾಕೆ ಬಂದಿದ್ದ."
ಆಗಿನಿಂದ ಹುಣ್ಣಿಮೆಯ ದಿನ
ಒಲೆಯ ಮೇಲೆ ಒಂದು ಲೋಟ ಹೆಚ್ಚು ನೀರು ಇಡುತ್ತೇನೆ
ಎಂಬುದನ್ನು ಹೇಳಲಿಲ್ಲ.

ಅವನು ಸೀಮೆಸುಣ್ಣದಿಂದ ಗೆರೆ ಎಳೆಯುತ್ತಲೇ ಇದ್ದ.
"ಅಂಗ ಅಂದಿದ್ನಾ?
ನೆನಪಿಲ್ಲ ಬೇ.
ಚೊಲೋ ಐತೆ ಆದ್ರ."

ಮುನ್ನೂರ ನಲವತ್ತು ಪೀಸು ಉಳಿದಿದ್ದವು.